ಅತ್ತೆಯ ‘ಬಿಡ್ರಿ’

ನನ್ನ ಸೋದರತ್ತೆ ಇರುವ ಕೋಣೆಯಲ್ಲಿ ನೀವು ಚಹಾದ ಕಪ್ಪು ಹಿಡಿದು ನಿಂತಿದ್ದರೆ, ನಿಮ್ಮ ಧೈರ್ಯಕ್ಕೆ ನಮಸ್ಕಾರ! ಧಾರವಾಡದ ಹೈಸ್ಕೂಲೊಂದರಲ್ಲಿ ಮಕ್ಕಳಿಗೆ ಕಂಪ್ಯೂಟರ್ ನೆಟ್‌ವರ್ಕಿಂಗ್ ಎಂಬ ವೃತ್ತಿ ತರಬೇತಿ ಕೊಡುವವರು ಅವರು. ಕೇಬಲ್ ಎಳೆಯುವುದು, ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವುದು ಪಾಠ. ಆದರೆ ಮೊದಲ ಪಾಠ ಒಂದೇ ಶಬ್ದದ್ದು: ‘ಬಿಡ್ರಿ.’ ಅದು ಕಿವಿಗೆ ಬಿದ್ದೊಡನೆ ಕೈಯಲ್ಲಿದ್ದದ್ದು ನೆಲಕ್ಕೆ ಬೀಳಬೇಕು. ಯಾಕೆ ಎಂಬುದನ್ನು ಆಮೇಲೆ ಕೇಳಬೇಕು.

ಅದಕ್ಕೊಂದು ಹೊತ್ತುಗೊತ್ತು ಬೇಡವೇ? ಊಟದ ನಡುವೆಯೂ ಹೇಳುತ್ತಿದ್ದರು. ಸಪ್ತಾಪುರದಲ್ಲಿ ನಮ್ಮಕ್ಕನ ಮದುವೆಯಲ್ಲಿ ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಾರು ಬಡಿಸುತ್ತಿದ್ದಳು. ಅತ್ತೆಗೆ ಪರೀಕ್ಷಿಸುವ ಚಪಲ ತಡೆಯಲಾಗಲಿಲ್ಲ. ಬಕೆಟ್ಟು ಬಿತ್ತು, ಬೀಗರ ಧೋತರ ಹಳದಿಯಾಯಿತು. ಮದುವೆಮನೆಯೆಲ್ಲ ದಿಗಿಲಾಗಿ ನಿಂತಿರುವಾಗ ಅತ್ತೆ, ‘ಛಲೋ ಕಲ್ತಾಳ’ ಎಂದು ಮೆಚ್ಚಿಕೊಂಡರು. ಅಂದಿನಿಂದ ಬೀಗರು ನಮ್ಮ ಮನೆಯ ಊಟಕ್ಕೆ ಪ್ಯಾಂಟಿನಲ್ಲೇ ಬರುತ್ತಾರೆ.

ಕಳೆದ ವರ್ಷ ಲ್ಯಾಬಿನಿಂದ ಎದುರಿನ ಹೆಡ್‌ಮಾಸ್ತರರ ಕೋಣೆಗೆ ಕೇಬಲ್ ಎಳೆಯುವ ಪ್ರಾಕ್ಟಿಕಲ್ ಇತ್ತು. ನಾನು ಅತ್ತೆಗೆ ಬುತ್ತಿ ಕೊಡಲು ಹೋಗಿದ್ದೆ. ಬಯಲಲ್ಲಿ ಎಳೆಯುವ ಕೇಬಲ್ಲಿಗೆ ಬಲಕ್ಕೆಂದು ಉಕ್ಕಿನ ತಂತಿ ಸೇರಿಸಿರುತ್ತಾರೆ. ಪಕ್ಕದಲ್ಲೇ ಕರೆಂಟಿನ ಲೈನು. ಅದನ್ನು ಆರಿಸಲು ಲೈನ್‌ಮನ್‌ಗೆ ಹೇಳಿಟ್ಟಿದ್ದರು. ತುಸು ಹೊತ್ತಿಗೆ ಕರೆಂಟು ಹೋಯಿತು. ಲೈನ್‌ಮನ್ ಮಾತಿಗೆ ತಪ್ಪಲಿಲ್ಲ ಎಂದು ಹೆಡ್‌ಮಾಸ್ತರರು ಹೊಗಳಿದರು, ಎಲ್ಲರೂ ನಂಬಿದೆವು. ಅವನಿನ್ನೂ ಹೊರಟೇ ಇರಲಿಲ್ಲ! ಅದು ನಮ್ಮೂರಿನ ಕರೆಂಟು ತಾನಾಗಿ ಹೋಗುವ ಹೊತ್ತು.

ಅತ್ತೆ ಮಾತ್ರ ಲ್ಯಾಬಿನ ಫ್ಯಾನಿನ ಸ್ವಿಚ್ಚು ಹಾಕಿಟ್ಟು ಬಾಗಿಲಲ್ಲಿ ನಿಂತರು. ಒಂದು ಕಣ್ಣು ನಿಂತ ಫ್ಯಾನಿನ ಮೇಲೆ. ಇನ್ನೊಂದು, ಎದುರಿನ ಮಾಳಿಗೆಯಲ್ಲಿ ಉಕ್ಕಿನ ತಂತಿಯನ್ನು ಬರಿಗೈಯಲ್ಲಿ ಕೊಕ್ಕೆಗೆ ಸುತ್ತುತ್ತಿದ್ದ ಹತ್ತನೆಯ ತರಗತಿಯ ಹುಡುಗಿಯ ಮೇಲೆ.

ಫ್ಯಾನಿನ ರೆಕ್ಕೆ ಅಲುಗಿತು.

‘ಬಿಡ್ರಿ.’

ಚೀರಲಿಲ್ಲ. ದಿನವೂ ಹೇಳುವ ದನಿಯೇ. ಹುಡುಗಿಯ ಕೈಗಳು ತೆರೆದುಕೊಂಡವು. ಮರುಗಳಿಗೆಯೇ ಗಾಳಿಗೆ ತೂಗುತ್ತಿದ್ದ ಕೇಬಲ್ಲು ಲೈನಿಗೆ ತಾಗಿತು. ನೀಲಿ ಕಿಡಿ, ಸುಟ್ಟ ವಾಸನೆ. ಅಂಗಳದ ತುಂಬ ಇಕ್ಕಳ, ಕತ್ತರಿ, ಹೆಡ್‌ಮಾಸ್ತರರ ಮೊಬೈಲು. ನನ್ನ ಬುತ್ತಿಯೂ ನೆಲದಲ್ಲಿತ್ತು; ನಾನು ಆ ಕ್ಲಾಸಿನವನೂ ಅಲ್ಲ!

ಯಾಕೆಂದು ಕೇಳುತ್ತ ಒಂದು ಉಸಿರು ತಡ ಮಾಡಿದ್ದರೆ? ಈಗಲೂ ಯಾವ ಮನೆಯಲ್ಲಿ ಫ್ಯಾನು ತಿರುಗಲು ಶುರುವಾದರೂ ಕೈಯಲ್ಲಿದ್ದದ್ದನ್ನು ಕೆಳಗಿಟ್ಟುಬಿಡುತ್ತೇನೆ.

ಹುಡುಗಿ ಕೆಳಗಿಳಿದು ಬಂದು, ಕೇಬಲ್ಲನ್ನು ಮತ್ತೆ ಎಳೆಯಬೇಕೇ ಎಂದು ಕೇಳಿದಳು. ಅತ್ತೆ ಮೆಟ್ಟಿಲ ಮೇಲೆ ಕುಳಿತು, ಅವಳ ಎರಡೂ ಅಂಗೈಗಳನ್ನು ತಮ್ಮ ಮುಖದ ಹತ್ತಿರ ತಂದುಕೊಂಡು, ಉಫ್, ಉಫ್ ಎಂದು ಊದತೊಡಗಿದರು.

‘ಸುಟ್ಟಿಲ್ರಿ, ಟೀಚರ್.’

‘ಗೊತ್ತೈತಿ. ಸುಮ್ನಿರವಾ,’ ಎಂದರು ಅತ್ತೆ. ಊದುತ್ತಲೇ ಇದ್ದರು.