ಟೀಚರಿಗೆ ಬಿದ್ದ ಲಾಠಿ ಪೆಟ್ಟು

ಪೊಲೀಸರ ಮೇಲಿನ ದೂರು ಕೇಳುವ ಸಮಿತಿ ಕಾಸರಗೋಡಿಗೆ ಬಂದಾಗಲೆಲ್ಲ ಕನ್ನಡದವರ ಮಾತನ್ನು ಮಲಯಾಳದಲ್ಲಿ ಹೇಳುವ ಕೆಲಸ ನನ್ನದು. ಅಧ್ಯಕ್ಷರು ತಿರುವನಂತಪುರದ ಕಡೆಯ ನಿವೃತ್ತ ಜಡ್ಜ್, ಕನ್ನಡದ ಗಂಧವೇ ಇಲ್ಲ. ಪೆಟ್ಟು ತಿಂದವರು ಬರುವ ಜಾಗ, ಅಲ್ಲಿ ನಗಬಾರದು. ಆದರೆ ನಗು ತರಿಸುವಂಥದ್ದು ಆಗುತ್ತಲೇ ಇದ್ದರೆ ನಾನಾದರೂ ಏನು ಮಾಡಲಿ?

ಬಂದ್ಯೋಡಿನಲ್ಲಿ ಹೆದ್ದಾರಿ ದಾಟಲು ದಾರಿ ಬೇಕೆಂದು ಜನ ರಸ್ತೆ ತಡೆದಿದ್ದರು. ಪೊಲೀಸರು ಲಾಠಿ ಬೀಸಿದಾಗ ನಿವೃತ್ತ ಟೀಚರೊಬ್ಬರ ಕೈಮೂಳೆ ಬಿರುಕು ಬಿಟ್ಟಿತು. ಕೊಂಕಣಿ ಮನೆಮಾತಿನ ಗಟ್ಟಿ ಹೆಂಗಸು. “ನನಗೆ ಪರಿಹಾರ ಬೇಡ, ಹೊಡೆದವನು ಹೊಡೆದೆ ಅಂತ ಒಪ್ಪಬೇಕು” ಎಂದು ದೂರು ಕೊಟ್ಟಿದ್ದರು.

೧. ವಿಚಾರಣೆಗೆ ಹರತಾಳ

ಮೊದಲ ವಿಚಾರಣೆಯ ದಿನ ಹರತಾಳ, ಬಸ್ಸಿಲ್ಲ. ಎರಡನೇ ಸಲವೂ ಹರತಾಳ. ಟೀಚರ್ ಫೋನ್ ಮಾಡಿ ನನ್ನನ್ನು ಗದರಿಸಿದರು.

“ಎಂತಕ್ಕೆ ಮಾರಾಯ ಈ ಹರತಾಳ?”

“ಪೊಲೀಸ್ ದೌರ್ಜನ್ಯದ ವಿರುದ್ಧ ಅಂತೆ ಟೀಚರ್.”

“ಹಾಗಾದರೆ ಬಯ್ಯುವ ಹಾಗೂ ಇಲ್ಲ” ಎಂದು ಫೋನ್ ಇಟ್ಟರು.

೨. ಕಣ್ಣಾರೆ ಕಂಡವರು

ಮೂರನೇ ಸಲ ನಾಲ್ವರು ಸಾಕ್ಷಿಗಳು ಬಂದರು. “ಪೆಟ್ಟು ಬಿದ್ದದ್ದನ್ನು ಕಣ್ಣಾರೆ ಕಂಡೆ” ಎಂದರು ಬೀಡಾ ಅಂಗಡಿಯವರು. ಪೊಲೀಸರ ವಕೀಲರು ಮೆಲ್ಲನೆ ಒಂದು ಕಾಗದ ತೆಗೆದರು. ರಸ್ತೆ ತಡೆದ ಕೇಸಿನಿಂದ ತಪ್ಪಿಸಿಕೊಳ್ಳಲು ಇದೇ ಅಂಗಡಿಯವರು, “ಆ ದಿನ ನಾನು ಬಂದ್ಯೋಡಿನಲ್ಲೇ ಇರಲಿಲ್ಲ, ದೇಲಂಪಾಡಿಗೆ ಮದುವೆಗೆ ಹೋಗಿದ್ದೆ” ಎಂದು ತಮ್ಮ ವಕೀಲರ ಮೂಲಕ ಬರೆದು ಕೊಟ್ಟಿದ್ದರು. ನೋಡಿದರೆ ನಾಲ್ವರೂ ಅದೇ ಮದುವೆಗೆ ಹೋದವರು.

“ಮದುಮಗ ಯಾರು?” ಎಂದು ಅಧ್ಯಕ್ಷರು ಕೇಳಿದರು.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಅಂಗಡಿಯವರು, “ಅದು ನಮ್ಮ ವಕೀಲರಿಗೆ ಗೊತ್ತುಂಟು ಸಾರ್” ಎಂದರು.

೩. ಗುರುತು

ಸಾಕ್ಷಿಗಳು ಹೋದರು, ಟೀಚರಿಗೆ ಉಳಿದದ್ದು ತಮ್ಮ ಬಾಯಿ ಒಂದೇ. ಅಂಗಿಯ ಮೇಲಿನ ಹೆಸರು ಓದಿ ಟೀಚರ್ ದೂರು ಕೊಟ್ಟಿದ್ದ ಪೊಲೀಸಿನವನು, “ಆ ದಿನ ನನಗೆ ಕುಂಬ್ಡಾಜೆಯಲ್ಲಿ ಡ್ಯೂಟಿ” ಎಂದು ಮಲಯಾಳದಲ್ಲಿ ಬರೆದು ಕೊಟ್ಟು ನಿಶ್ಚಿಂತೆಯಿಂದ ಕೂತಿದ್ದ. ಅಂದು ಹೆಲ್ಮೆಟ್ಟಿನೊಳಗಿದ್ದ ಮುಖವನ್ನು ಟೀಚರ್ ಈಗ ಕನ್ನಡಕ ಏರಿಸಿ ನೋಡಿದರು.

“ನೀನು ನನ್ನ ನಾಲ್ಕನೇ ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಇದ್ದವನಲ್ಲವಾ?”

ಅವನು ಧಡಕ್ಕನೆ ಎದ್ದು ನಿಂತ.

“ನಿನಗೆ ನಾನು ಬೆತ್ತದಲ್ಲಿ ಎಷ್ಟು ಹೊಡೆದಿದ್ದೇನೆ. ಹೊಡೆಯಲಿಲ್ಲ ಅಂತ ನಾನು ಒಂದು ದಿನವಾದರೂ ಹೇಳಿದ್ದುಂಟಾ?”

“ಟೀಚರ್, ದೇವರಾಣೆ ನೀವು ಅಂತ ಗೊತ್ತಾಗಲಿಲ್ಲ” ಎಂದು ಅವನು ಕನ್ನಡದಲ್ಲೇ ಅಳುವಂತಾದ. “ಗೊತ್ತಾಗಿದ್ದರೆ ನಾನು ಹೊಡೀತಿದ್ದೆನಾ?”

ಅಧ್ಯಕ್ಷರು ನನ್ನತ್ತ ತಿರುಗಿ, “ಏನು ಹೇಳಿದ?” ಎಂದರು. ಅವನು ದೀನನಾಗಿ ನನ್ನನ್ನು ನೋಡಿದ. ನಾನು ಒಂದು ಮಾತೂ ಬಿಡದೆ ಮಲಯಾಳದಲ್ಲಿ ಹೇಳಿದೆ. ಅವನ ವಕೀಲರು ಫೈಲು ಮುಚ್ಚಿದರು.

ಟೀಚರ್ ಬಿಡಲಿಲ್ಲ. “ಗೊತ್ತಿಲ್ಲದವರಿಗಾದರೆ ಹೊಡೆಯಬಹುದಾ ಮಗಾ?”

ಅವನ ಬಲಗೈ ತಾನಾಗಿ ಮುಂದೆ ಬಂತು, ಅಂಗೈ ಮೇಲೆ ಮಾಡಿಕೊಂಡು.

ನಾನು ಮಲಯಾಳದಲ್ಲಿ ವಿವರಿಸಲು ಹೊರಟೆ. ಅಧ್ಯಕ್ಷರು ತಡೆದರು. “ಬೇಡ, ಇದು ಅರ್ಥವಾಯಿತು.”