ಓವನ್ನಿನ ಹೊಟ್ಟೆಕಿಚ್ಚು

ದುಬೈಯಲ್ಲಿ ಅನುಮತಿಯಿಲ್ಲದೆ ಪಟಾಕಿ ಇಟ್ಟುಕೊಳ್ಳುವುದು ಅಪರಾಧ. ನನಗಿದು ಚೆನ್ನಾಗಿ ಗೊತ್ತಿತ್ತು. ರಸಾಯನಶಾಸ್ತ್ರದ ಪದವೀಧರನಾದ ನನಗೆ ಪಟಾಕಿ ಯಾಕೆ ಸಿಡಿಯುತ್ತದೆ ಎಂಬುದೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಒಂದೇ: ಪಕ್ಕದ ಫ್ಲ್ಯಾಟಿನ ಶೆಟ್ಟರು ಹೋದ ದೀಪಾವಳಿಗೆ ಬಾಲ್ಕನಿಯಲ್ಲಿ ಚಿಮ್ಮಿಸಿದ ಬೆಳ್ಳಿಕಿಡಿಗಳನ್ನು ಮರೆತು ಬದುಕುವುದು ಹೇಗೆ?

ಅಲ್ ಕುಸೈಸಿನ ನಮ್ಮ ಕಟ್ಟಡದ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದ್ದರು. ನನ್ನ ಮಗಳೂ! "ಶೆಟ್ಟಿ ಅಂಕಲ್ ಈಸ್ ದ ಬೆಸ್ಟ್, ಪಪ್ಪಾ!"

ಈ ವರ್ಷ ಪರಿಚಯದವರೊಬ್ಬರಿಂದ ಗುಟ್ಟಾಗಿ ಒಂದು ಪೆಟ್ಟಿಗೆ ಹೂಕುಂಡ ಪಟಾಕಿ ತಂದೆ. ಬಚ್ಚಿಡಲು ಗ್ಯಾಸ್ ಒಲೆಯ ಕೆಳಗಿನ ಓವನ್ನಿಗಿಂತ ಭದ್ರ ಜಾಗ ಯಾವುದು? ಐದು ವರ್ಷದಿಂದ ಅಲ್ಲಿ ದೋಸೆಯ ತವಾ ಬಿಟ್ಟು ಯಾರೂ ವಾಸವಿರಲಿಲ್ಲ. ಹಿಂದಿನ ಮೂಲೆಗೆ ತಳ್ಳಿದೆ. ನನ್ನ ಬುದ್ಧಿಗೆ ನಾನೇ ಬೆರಗಾದೆ!

ಆದರೆ ನಮ್ಮ ಮನೆಯಲ್ಲಿ ಹೊಟ್ಟೆಕಿಚ್ಚು ನನ್ನೊಬ್ಬನ ಸ್ವತ್ತಲ್ಲ. ಶೆಟ್ಟರ ಹೆಂಡತಿ ನಾನ್‌ಖಟಾಯಿ ಮಾಡಿ ಕಳಿಸಿದ್ದರು. ಮಾರನೆಯ ಸಂಜೆಯೇ ಅಡುಗೆಮನೆಯಿಂದ ರಟ್ಟು ಸುಟ್ಟ ವಾಸನೆ.

"ಶಾಲಿನಿ, ಏನು ಮಾಡ್ತಿದೀಯ?"

"ತವಾ ತೆಗೆದು ಓವನ್ ಹಚ್ಚಿದೀನಿ ರೀ. ನಾನ್‌ಖಟಾಯಿ ಅವರೊಬ್ಬರಿಗೇ ಬರತ್ತಾ?"

ಓವನ್ನಿಗೂ ಹೊಟ್ಟೆಕಿಚ್ಚು ಹತ್ತಿತ್ತು!

ಹಾರಿ ಹೋಗಿ ಗ್ಯಾಸ್ ಬಂದ್ ಮಾಡಿದೆ. ಹೆಂಡತಿ, ಮಗಳನ್ನು ಹೊರಗೆ ತಳ್ಳಿ ಶೆಟ್ಟರ ಬಾಗಿಲು ಬಡಿದೆ. ಒಂದು ಗಂಟೆ ಯಾರೂ ಒಳಗೆ ಕಾಲಿಡಲಿಲ್ಲ. ನನಗೆ ಆ ಗಂಟೆ ಇನ್ನೂ ಮುಗಿದಿಲ್ಲ. ಬೇಕರಿ ಕಂಡರೆ ಈಗಲೂ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತೇನೆ.

ಓವನ್ ತಣ್ಣಗಾದ ಮೇಲೆ ತೆಗೆದರೆ, ಪೆಟ್ಟಿಗೆಯ ಒಂದು ಅಂಚು ಮಾತ್ರ ಕಪ್ಪಾಗಿತ್ತು. ಶೆಟ್ಟರು ಅದನ್ನು ಬಕೆಟ್ ನೀರಿನಲ್ಲಿ ಮುಳುಗಿಸಿದರು.

"ಎಂಥದು ಮಾರಾಯ್ರೆ, ಓದಿದವರು ನೀವು! ಕಸದ ತೊಟ್ಟಿಗೆ ಹಾಕ್ಬೇಡಿ, ಒಣಗಿದ್ರೆ ಮತ್ತೆ ಹೊತ್ತಿಕೊಳ್ತದೆ. ನಾಳೆ ಪೊಲೀಸರಿಗೆ ಒಪ್ಪಿಸಿ."

"ಹೋದ ವರ್ಷ ನೀವೂ ಹಚ್ಚಿದ್ರಲ್ಲ?"

"ಅದಾ? ಬರ್ತ್‌ಡೇ ಕೇಕಿಗೆ ಚುಚ್ಚುವ, ಕಿಡಿ ಹಾರುವ ಕ್ಯಾಂಡಲ್ ಮಾರಾಯ್ರೆ! ಸೂಪರ್‌ಮಾರ್ಕೆಟಲ್ಲಿ ಸಿಗ್ತದೆ."

ಮರುದಿನ ಬಕೆಟ್ ಹಿಡಿದು ಠಾಣೆಗೆ ಹೋದೆ. ಕೆಲಸ, ವೀಸಾ ಎರಡೂ ಆ ನೀರಿನಲ್ಲೇ ತೇಲುತ್ತಿದ್ದವು. ಪಟಾಕಿ ಯಾಕೆ ತಂದಿರೆಂದು ಅಧಿಕಾರಿ ಹಿಂದಿಯಲ್ಲಿ ಕೇಳಿದರು. ನಿಜ ಹೇಳಿದೆ: ಪಕ್ಕದ ಮನೆಯ ಕ್ಯಾಂಡಲ್ ಕಂಡು ಸಹಿಸಲಾಗಲಿಲ್ಲ. ಅವರು ಗಂಭೀರವಾಗಿ ಮುಚ್ಚಳಿಕೆ ಬರೆಸಿಕೊಂಡರು. ಆಮೇಲೆ ಒಳಗಿನಿಂದ ಇಬ್ಬರು ಸಹೋದ್ಯೋಗಿಗಳನ್ನು ಕರೆಸಿ, ಅದೇ ಉತ್ತರವನ್ನು ನನ್ನ ಬಾಯಿಂದ ಇನ್ನೊಮ್ಮೆ ಹೇಳಿಸಿದರು.

ವೀಸಾ ಉಳಿಯಿತು. ಮರ್ಯಾದೆ ಖಲಾಸ್!