ಕಿತ್ತ ಹಲ್ಲು ಹೆಣ್ಣು ನೋಡಲು ಹೋದದ್ದು

ಹೆಣ್ಣು ನೋಡುವ ದಿನ ಗೊತ್ತಾಯಿತೆಂದರೆ ನನ್ನ ಮೈಯಲ್ಲಿ ಏನಾದರೊಂದು ಕೈಕೊಡುವುದು ಇದ್ದದ್ದೇ. ಮೊದಲ ಸಲ ಕೆಂಗಣ್ಣು. ಹುಡುಗಿ ಯಾರು, ಅವಳ ಅಜ್ಜಿ ಯಾರು ಎಂದೇ ಕಾಣಲಿಲ್ಲ. ಎರಡನೆಯ ಸಲ ಕಜ್ಜಿ. ಕೈಮುಗಿದದ್ದಕ್ಕಿಂತ ಕೆರೆದದ್ದೇ ಹೆಚ್ಚು. ಮೂರನೆಯ ಸಲಕ್ಕೆ ಹಲ್ಲು.

ಐವತ್ತರ ದಶಕದ ಕೊನೆ. ನಾನು ನರಿಮೊಗರಿನ ಕಡೆ ಶಾಲಾಮಾಸ್ಟ್ರು. ಜಾಲ್ಸೂರಿನ ಸಂಬಂಧ ತಂದವರು ಸೋದರಮಾವ. ಹುಡುಗಿಯ ಅಪ್ಪನದ್ದು ಒಂದೇ ಷರತ್ತು: ಅಳಿಯ ಎಲೆಅಡಿಕೆ ತಿನ್ನಬಾರದು. ಅವರದ್ದೇ ಅಡಿಕೆ ತೋಟ ಮಾರಾಯ್ರೆ! ನಾನೋ ದಿನಕ್ಕೆ ಹತ್ತು ಸಲ ಜಗಿಯುವವ. ಮಾವ ಮಾತ್ರ, "ನಮ್ಮ ಹುಡುಗ ಅಡಿಕೆಯನ್ನು ಮರದಲ್ಲಿ ಮಾತ್ರ ಕಂಡದ್ದು" ಎಂದು ಹೇಳಿ ಬಂದಿದ್ದರು. "ಇದೂ ತಪ್ಪಿದ್ರೆ ನಾನು ಕಾಶಿಗೆ ಹೋಗುದೇ" ಎಂದಿದ್ದರು ಅಮ್ಮ.

೧. ಬಸ್ಸಿನಲ್ಲಿ

ಆದಿತ್ಯವಾರ ಜಾಲ್ಸೂರಿಗೆ ಹೋಗುವುದೆಂದಿದ್ದರೆ, ಹಿಂದಿನ ಗುರುವಾರವೇ ದವಡೆ ಸಿಡಿಯತೊಡಗಿತು. ಪುತ್ತೂರಿನ ಡಾಕ್ಟರು ಮಂಡಿಯೂರಿ ಎಳೆದರು. "ಇದು ಬುದ್ಧಿಹಲ್ಲು. ಇಂಥದ್ದು ಇನ್ನೂ ಮೂರು ಉಂಟು" ಎಂದು ಕಿತ್ತದ್ದನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಕೋಟಿನ ಕಿಸೆಗೆ ಹಾಕಿ ಮರೆತೆ. ನನಗಿದ್ದದ್ದು ಅದೊಂದೇ ಕೋಟು.

ಮನೆಗೆ ಮರಳುವಾಗ ಬಸ್ಸಿನ ಕಿಟಕಿಯಿಂದ ಎರಡು ಸಲ ರಕ್ತ ಉಗುಳಿದೆ. ಕಂಡಕ್ಟರ್ ಕೆರಳಿದ. "ಎಲೆ ತಿಂದು ಉಗುಳುದಾದ್ರೆ ಇಳಿದು ಉಗುಳಿ!"

ಬಾಯಿ ತುಂಬ ಹತ್ತಿ, ಮಾತಾಡುವ ಹಾಗಿಲ್ಲ. ಊದಿದ ಕೆನ್ನೆಯನ್ನು ಬೆರಳಿಟ್ಟು ತೋರಿಸಿದೆ.

"ಹೌದು, ಅಲ್ಲೇ ಒತ್ತಿ ಇಟ್ಟದ್ದು ನನಗೂ ಕಾಣ್ತದೆ" ಎಂದ.

೨. ಮನೆಯಲ್ಲಿ

ಎರಡು ದಿನ ಗಂಜಿತಿಳಿ, ಉಪ್ಪುನೀರು. ನೋವಾದರೂ ಸಹಿಸಬಹುದು, ಎಲೆ ಇಲ್ಲದೆ ಜೀವ ಹೋಗುತ್ತಿತ್ತು. ನನ್ನ ಅವಸ್ಥೆ ನೋಡಲು ಬಂದ ಹೆಡ್‌ಮಾಸ್ಟ್ರು ಎದುರೇ ಕೂತು, ಎಲೆಗೆ ನಿಧಾನವಾಗಿ ಸುಣ್ಣ ಹಚ್ಚುತ್ತಾ, "ಸಣ್ಣ ಒಂದು ಹೋಳು ಹಾಕಿ ಮಾಸ್ಟ್ರೆ, ನೋವು ಓಡಿಹೋಗ್ತದೆ" ಎಂದರು. ನನ್ನ ಕೈ ತನ್ನಿಂತಾನೇ ಮುಂದೆ ಹೋಯಿತು.

ಅಡುಗೆಮನೆಯಿಂದ ಅಮ್ಮ ಒಂದೇ ಶಬ್ದ ಕೂಗಿದರು. "ಜಾಲ್ಸೂರು!"

ಕೈ ಹಿಂದೆ ಬಂತು. ಹೆಡ್‌ಮಾಸ್ಟ್ರು ನನ್ನ ಪಾಲಿನದ್ದನ್ನೂ ತಾವೇ ತಿಂದು ಹೋದರು, ಪಾಪಿ ಮನುಷ್ಯ.

೩. ಜಾಲ್ಸೂರಿನಲ್ಲಿ

ಹೊರಡುವ ಬೆಳಿಗ್ಗೆ ಅಮ್ಮ ಇದ್ದಿಲು ಪುಡಿಯಿಂದ ನನ್ನ ಹಲ್ಲುಗಳನ್ನು ತಿಕ್ಕಿಸಿ ಬೆಳ್ಳಗೆ ಮಾಡಿಸಿದರು. "ಹಲ್ಲು ತೆಗೆಸಿದ್ದು ಹೇಳ್ಬೇಡಿ, ಮುದುಕ ಅಂತ ತಿಳ್ಕೊಳ್ತಾರೆ" ಎಂದು ಮಾವನಿಗೂ ತಾಕೀತು ಮಾಡಿದರು.

ಹುಡುಗಿಯ ಅಪ್ಪ ಪರೀಕ್ಷೆಗೆಂದೇ ವೀಳ್ಯದ ಹರಿವಾಣ ನನ್ನ ಮುಂದೆ ಸರಿಸಿದರು. ನಾನು ಅದನ್ನು ಹಿಂದಕ್ಕೆ ದೂಡಿದೆ. ಅವರ ಮುಖ ಅರಳಿತು. ನಾನು ಬಾಯಿ ಬಿಡದ್ದನ್ನು ನೋಡಿ, "ಗಂಭೀರ ಹುಡುಗ" ಎಂದೂ ಮೆಚ್ಚಿದರು.

ಆಗ ಬಂತು ಚಕ್ಕುಲಿ. ಹುಡುಗಿಯೇ ಮಾಡಿದ್ದಂತೆ, ಬೇಡವೆನ್ನುವುದು ಹೇಗೆ? ಕಚ್ಚಿದೆ. ಚೂರೊಂದು ನೇರ ಗಾಯಕ್ಕೇ ಚುಚ್ಚಿತು. ಅಯ್ಯೋ ದೇವರೇ! ಬಾಯಿ ತುಂಬಿತು. ಅಂಗಳಕ್ಕೆ ಓಡಿ ತೆಂಗಿನ ಬುಡಕ್ಕೆ ಉಗುಳಿದೆ. ಕೆಂಪೋ ಕೆಂಪು.

"ಮರದಲ್ಲಿ ಮಾತ್ರ ಕಂಡದ್ದಲ್ವಾ?" ಎಂದರು ಹುಡುಗಿಯ ಅಪ್ಪ.

"ಅದು ರಕ್ತ ಮಾರಾಯ್ರೆ! ಹಲ್ಲು ತೆಗೆಸಿದ್ದು" ಎಂದರು ಮಾವ.

"ಇಷ್ಟು ಹೊತ್ತು ಯಾಕೆ ಹೇಳ್ಲಿಲ್ಲ? ಏಳಿ, ಆಯ್ತು."

ಸಂಬಂಧ ಕೈತಪ್ಪುತ್ತಿತ್ತು. ಅಮ್ಮನ ಕಾಶಿ ಕಣ್ಣಮುಂದೆ ಬಂತು. ಕೋಟಿನ ಕಿಸೆಗೆ ಕೈ ಹಾಕಿದರೆ ಕಾಗದದ ಗಂಟು! ಬಿಚ್ಚಿ, ಹಲ್ಲನ್ನು ವೀಳ್ಯದ ಹರಿವಾಣದಲ್ಲೇ ಇಟ್ಟೆ.

ಹುಡುಗಿಯ ಅಪ್ಪ ಕನ್ನಡಕ ಹಾಕಿದರು. ಹಲ್ಲನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಕಿತ್ತದ್ದು ಹೌದು" ಎಂದರು. ನಾನು ಉಸಿರು ಬಿಟ್ಟೆ. "ಆದ್ರೆ ಇದರ ಕರೆ ನೋಡಿ. ಹತ್ತು ವರ್ಷ ಎಲೆ ಜಗಿಯದೆ ಹಲ್ಲಿಗೆ ಈ ಬಣ್ಣ ಬರುದಿಲ್ಲ."

ಬಾಯಲ್ಲಿದ್ದದ್ದನ್ನೆಲ್ಲ ಅಮ್ಮ ತಿಕ್ಕಿಸಿದ್ದರು. ಕಿಸೆಯಲ್ಲಿದ್ದದ್ದು ಯಾರಿಗೂ ನೆನಪಾಗಿರಲಿಲ್ಲ.

ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಹುಡುಗಿಯ ಸ್ವರ ಬಂತು. "ಎಲೆ ತಿಂದ ಹಲ್ಲನ್ನೇ ಕಿತ್ತು ತಂದು ಮುಂದೆ ಇಟ್ಟಿದ್ದಾರಲ್ಲ ಅಪ್ಪ, ಇನ್ನೆಂತ ಬೇಕು ನಿಮ್ಗೆ?"

ಅಪ್ಪನಿಗೆ ನಗು ತಡೆಯಲಿಲ್ಲ. ಮದುವೆಯಾಯಿತು. ಆ ಹಲ್ಲು ಈಗಲೂ ಅವಳ ಪೆಟ್ಟಿಗೆಯಲ್ಲಿ ಉಂಟು. ನಾನು ಎಲೆಗೆ ಕೈ ಹಾಕಿದರೆ ಸಾಕು, ಅದನ್ನು ತಂದು ಎದುರಿಟ್ಟು ಹೇಳುತ್ತಾಳೆ: "ತಿನ್ನಿ, ತಿನ್ನಿ. ಕೀಳ್ಲಿಕ್ಕೆ ಇನ್ನೂ ಮೂರು ಉಂಟಲ್ಲ!"